ಹಿಂದಿಯ ಉಪನ್ಯಾಸ, ಕನ್ನಡದ ಕಾದಂಬರಿ: ಎರಡು ಎರವಲು ಪದಗಳ ದಾರಿ

ಪ್ರಶ್ನೆ: ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ದೆಹಲಿಯಲ್ಲಿದ್ದೇನೆ. ಇಲ್ಲಿಯ ಪುಸ್ತಕದಂಗಡಿಯಲ್ಲಿ ಪ್ರೇಮಚಂದರ ಪುಸ್ತಕವೊಂದರ ರಕ್ಷಾಪುಟದ ಮೇಲೆ ‘ಉಪನ್ಯಾಸ’ ಎಂದಿದ್ದುದನ್ನು ನೋಡಿ, ಅವರ ಭಾಷಣಗಳ ಸಂಗ್ರಹವಿರಬೇಕೆಂದು ಕೊಂಡುತಂದೆ. ತೆರೆದು ನೋಡಿದರೆ ಅದು ಕಾದಂಬರಿ. ಇನ್ನು ನಮ್ಮ ಪಕ್ಕದ ಮನೆಯ ಬಂಗಾಳಿ ದಂಪತಿಯ ಮಗಳ ಹೆಸರೇ ಕಾದಂಬರಿ. ಊರಿನಿಂದ ಬಂದಿದ್ದ ನಮ್ಮ ತಾಯಿ ‘ಮಗುವಿಗೆ ಯಾರಾದರೂ ಹಾಗೆ ಹೆಸರಿಡುತ್ತಾರೆಯೇ’ ಎಂದು ಕೇಳಿದರು. ಎರಡೂ ಸಂಸ್ಕೃತದ ಪದಗಳೇ ಆಗಿರುವಾಗ ಯಾರ ಬಳಕೆ ಸರಿ, ಯಾರದ್ದು ತಪ್ಪು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಸಂಸ್ಕೃತವನ್ನೇ ಪ್ರಮಾಣವಾಗಿಟ್ಟುಕೊಂಡು ತೀರ್ಪು ಕೊಡಹೊರಟರೆ ಕನ್ನಡವೂ ಗೆಲ್ಲುವುದಿಲ್ಲ, ಹಿಂದಿಯೂ ಗೆಲ್ಲುವುದಿಲ್ಲ. ಹಳೆಯ ಸಂಸ್ಕೃತದಲ್ಲಿ ‘ಉಪನ್ಯಾಸ’ವೆಂದರೆ ಕಾಲೇಜಿನ ತರಗತಿಯಲ್ಲಿ ಒಂದು ಗಂಟೆ ಮಾಡುವ ಪಾಠವೂ ಅಲ್ಲ, ಮುನ್ನೂರು ಪುಟದ ಗದ್ಯಕಥೆಯೂ ಅಲ್ಲ. ‘ಕಾದಂಬರಿ’ಯಂತೂ ಅಲ್ಲಿ ಯಾವ ಸಾಹಿತ್ಯಪ್ರಕಾರದ ಹೆಸರೂ ಆಗಿರಲಿಲ್ಲ. ಈ ಪದಗಳು ಒಂದೊಂದು ಭಾಷೆಯೊಳಗೆ ಕಾಲಿಟ್ಟಾಗ ಅಲ್ಲಿ ಯಾವ ಜಾಗ ಖಾಲಿಯಿತ್ತು, ಯಾವ ಜಾಗದಲ್ಲಿ ಮೊದಲೇ ಬೇರೊಂದು ಪದ ಕುಳಿತಿತ್ತು ಎಂಬುದನ್ನು ನೋಡಿದರೆ ಮಾತ್ರ ಇಂದಿನ ಅರ್ಥಗಳು ತಿಳಿಯುತ್ತವೆ.

‘ಉಪನ್ಯಾಸ’ದಿಂದ ಆರಂಭಿಸೋಣ. ಉಪ ಎಂದರೆ ಹತ್ತಿರ, ನ್ಯಾಸ ಎಂದರೆ ಇಡುವುದು. ಒಟ್ಟಿನಲ್ಲಿ ಹತ್ತಿರ ತಂದಿಡುವುದು, ಎದುರಿನವರ ಮುಂದೆ ಮಂಡಿಸುವುದು. ‘ನ್ಯಾಸ’ ಎಂಬ ಇದೇ ಪದ ಇಟ್ಟ ಒತ್ತೆಗೂ ಸಲ್ಲುತ್ತದೆ, ಪೂಜೆಯಲ್ಲಿ ಅಂಗನ್ಯಾಸ ಕರನ್ಯಾಸಗಳೆಂದು ಮಂತ್ರವನ್ನು ದೇಹದ ಮೇಲೆ ‘ಇಡುವ’ ಕ್ರಿಯೆಗೂ ಸಲ್ಲುತ್ತದೆ. ಅಮರಕೋಶವು ‘ಉಪನ್ಯಾಸಸ್ತು ವಾಙ್ಮುಖಮ್’ ಎನ್ನುತ್ತದೆ. ಅಂದರೆ ಮಾತಿನ ಮೊಗ, ಮಾತಿನ ಆರಂಭ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಕೊನೆಯ ಪಾದದಲ್ಲಿ ‘ಬ್ರಾಹ್ಮೇಣ ಜೈಮಿನಿರುಪನ್ಯಾಸಾದಿಭ್ಯಃ’ ಎಂಬ ಸೂತ್ರವಿದೆ. ಮುಕ್ತನಾದ ಆತ್ಮದ ಸ್ವರೂಪವೇನೆಂಬ ಚರ್ಚೆಯಲ್ಲಿ, ಶ್ರುತಿಯೇ ಅದನ್ನು ಹಾಗೆ ಹೇಳಿದೆಯಾದ್ದರಿಂದ ಅದು ಬ್ರಹ್ಮಸ್ವರೂಪದ್ದೇ ಎಂದು ಜೈಮಿನಿ ವಾದಿಸುವ ಜಾಗ ಅದು. ಅಲ್ಲಿ ಉಪನ್ಯಾಸವೆಂದರೆ ಒಂದು ಸಂಗತಿಯನ್ನು ಎತ್ತಿ ಹೇಳುವುದು. ನಾಟ್ಯಶಾಸ್ತ್ರದ ಪರಂಪರೆಯಲ್ಲಿ ಅದೇ ಪದ ಪ್ರತಿಮುಖಸಂಧಿಯ, ಅಂದರೆ ನಾಟಕದ ಕಥೆ ಬೆಳೆಯುವ ಎರಡನೆಯ ಹಂತದ, ಅಂಗಗಳಲ್ಲಿ ಒಂದರ ಹೆಸರು. ಹೀಗೆ ಶಾಸ್ತ್ರದಿಂದ ಶಾಸ್ತ್ರಕ್ಕೆ ಅರ್ಥ ಜರುಗುತ್ತಿದ್ದರೂ ‘ಮುಂದಿಡುವುದು’ ಎಂಬ ತಿರುಳು ಕದಲಿಲ್ಲ.

ಈ ತಿರುಳಿನಿಂದ ಎರಡು ದಾರಿಗಳು ಹೊರಡಬಹುದಿತ್ತು, ಎರಡೂ ಹೊರಟವು. ವಿಷಯವೊಂದನ್ನು ಸಭೆಯ ಮುಂದಿಡುವುದು ಒಂದು ದಾರಿ; ಕಥೆಯೊಂದನ್ನು ಕೇಳುವವರ ಮುಂದಿಡುವುದು ಇನ್ನೊಂದು. ಶಾಸ್ತ್ರವಾದ ಮತ್ತು ಪ್ರವಚನಗಳ ಸಂಪ್ರದಾಯ ಗಟ್ಟಿಯಾಗಿದ್ದ ದಕ್ಷಿಣದಲ್ಲಿ ಮೊದಲನೆಯ ದಾರಿಯೇ ರೂಢಿಯಾಯಿತು. ಕನ್ನಡ ಮತ್ತು ತೆಲುಗಿನಲ್ಲಿ ಉಪನ್ಯಾಸವು ಭಾಷಣ, ತಮಿಳಿನಲ್ಲಿ ಮುಖ್ಯವಾಗಿ ಧಾರ್ಮಿಕ ಪ್ರವಚನ, ಮಲಯಾಳದಲ್ಲಿ ಇನ್ನೂ ಸ್ವಲ್ಪ ಮುಂದೆ ಸಾಗಿ ಬರವಣಿಗೆಯ ಪ್ರಬಂಧ. ನಮ್ಮಲ್ಲಂತೂ ಆ ಪದ ಸರ್ಕಾರಿ ಹುದ್ದೆಯ ಹೆಸರೇ ಆಗಿಬಿಟ್ಟಿದೆ: ಪ್ರೌಢಶಾಲೆಯಲ್ಲಿ ಪಾಠ ಹೇಳುವವರು ಶಿಕ್ಷಕರು, ಪದವಿಪೂರ್ವ ಕಾಲೇಜಿನಲ್ಲಿ ಹೇಳುವವರು ಉಪನ್ಯಾಸಕರು.

ಎರಡನೆಯ ದಾರಿ ಬಂಗಾಳದಲ್ಲಿ ತೆರೆಯಿತು. ಅರೇಬಿಯನ್ ನೈಟ್ಸ್ ಕಥೆಗಳಿಗೆ ಬಂಗಾಳಿಯಲ್ಲಿ ‘ಆರಬ್ಯ ಉಪನ್ಯಾಸ’ವೆಂದೇ ಹೆಸರು. ಇಲ್ಲಿ ಉಪನ್ಯಾಸವೆಂದರೆ ಇನ್ನೂ ನಾವೆಲ್ ಅಲ್ಲ, ಒಂದಾದ ಮೇಲೊಂದರಂತೆ ಹೇಳುತ್ತ ಹೋಗುವ ಸ್ವಾರಸ್ಯದ ಕಥೆ. ಭೂದೇವ ಮುಖೋಪಾಧ್ಯಾಯರು ತಮ್ಮ ಎರಡು ಐತಿಹಾಸಿಕ ಕಥೆಗಳ ಪುಸ್ತಕಕ್ಕೆ ‘ಐತಿಹಾಸಿಕ ಉಪನ್ಯಾಸ’ವೆಂದು ಹೆಸರಿಟ್ಟಾಗಲೂ ಪದ ಆ ಹೊಸ್ತಿಲ ಮೇಲೆಯೇ ನಿಂತಿತ್ತು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ 1865ರಲ್ಲಿ ಪ್ರಕಟವಾಗಿ, ಅದರ ಹಿಂದೆಯೇ ಅವರ ಉಳಿದ ಕೃತಿಗಳು ಬಂದು ಓದುಗರನ್ನು ಆವರಿಸಿದ ಮೇಲೆ ಪದ ಹೊಸ್ತಿಲು ದಾಟಿತು. ಬಂಗಾಳಿ ಸಾಹಿತ್ಯದ ಪ್ರಭಾವ ಹರಡಿದ ಕಡೆಗೆಲ್ಲ ಪದವೂ ಹರಡಿತು. ಹಿಂದಿ, ಒಡಿಯಾ, ಅಸ್ಸಾಮಿಗಳಲ್ಲಿ ಇಂದಿಗೂ ನಾವೆಲ್ಲಿಗೆ ಉಪನ್ಯಾಸವೇ ಹೆಸರು. ಹಿಂದಿಯವರು ಪ್ರೇಮಚಂದರನ್ನು ‘ಉಪನ್ಯಾಸ ಸಮ್ರಾಟ್’ ಎಂದು ಕರೆಯುತ್ತಾರೆ. ಕನ್ನಡಿಗರು ಅದೇ ಅಭಿಮಾನದಿಂದ ಅ.ನ.ಕೃ. ಅವರನ್ನು ‘ಕಾದಂಬರಿ ಸಾರ್ವಭೌಮ’ ಎಂದರು. ಎರಡು ಬಿರುದುಗಳ ಅರ್ಥ ಒಂದೇ. ಆದರೆ ಮೊದಲನೆಯದನ್ನು ಅಕ್ಷರಶಃ ಕನ್ನಡಕ್ಕೆ ಎತ್ತಿಟ್ಟರೆ ಪ್ರೇಮಚಂದರು ದೊಡ್ಡ ವಾಗ್ಮಿಯಾಗಿಬಿಡುತ್ತಾರೆ. ನೀವು ಪುಸ್ತಕದಂಗಡಿಯಲ್ಲಿ ಎಡವಿದ್ದು ಇಲ್ಲಿಯೇ, ಮತ್ತು ಕನ್ನಡ ಚೆನ್ನಾಗಿ ಬಲ್ಲವರು ಎಡವಬೇಕಾದದ್ದೂ ಇಲ್ಲಿಯೇ.

ಹಿಂದಿಗೆ ಈ ಪದವನ್ನು ಕಥೆಗಾಗಿ ಬಿಟ್ಟುಕೊಡಲು ಹೇಗೆ ಸಾಧ್ಯವಾಯಿತು? ಅಲ್ಲಿ ಭಾಷಣದ ಜಾಗದಲ್ಲಿ ‘ವ್ಯಾಖ್ಯಾನ’ ಕುಳಿತಿತ್ತು. ಹಿಂದಿಯಲ್ಲಿ ವ್ಯಾಖ್ಯಾನವೆಂದರೆ ಉಪನ್ಯಾಸ, ವ್ಯಾಖ್ಯಾತಾ ಎಂದರೆ ಉಪನ್ಯಾಸಕ. ಕನ್ನಡದಲ್ಲಿ ವ್ಯಾಖ್ಯಾನವು ಮೂಲಗ್ರಂಥಕ್ಕೆ ಬರೆದ ಟೀಕೆಯಾಗಿಯೇ ಉಳಿದಿದ್ದರಿಂದ ಸಭೆಯ ಮಾತಿಗೆ ಉಪನ್ಯಾಸ ಬೇಕಾಯಿತು. ಚದುರಂಗದ ಮಣೆಯ ಮೇಲೆ ಒಂದು ಕಾಯಿ ಸರಿದರೆ ಉಳಿದವುಗಳ ಬಲಾಬಲವೂ ಬದಲಾಗುವ ಹಾಗೆ, ವ್ಯಾಖ್ಯಾನ ಎಲ್ಲಿ ಕುಳಿತಿತು ಎಂಬುದರ ಮೇಲೆ ಉಪನ್ಯಾಸದ ನಡೆ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮರ ಕೃತಿಗಳನ್ನು ಒಂದೊಂದಾಗಿ ಬಂಗಾಳಿಯಿಂದ ಕನ್ನಡಕ್ಕೆ ತಂದು ನಮ್ಮಲ್ಲಿ ಓದುಗರ ಒಂದು ದೊಡ್ಡ ಬಳಗವನ್ನೇ ಬೆಳೆಸಿದರು. ಕೃತಿಗಳು ಬಂದರೂ ಅವುಗಳ ಪ್ರಕಾರದ ಬಂಗಾಳಿ ಹೆಸರು ನಮ್ಮಲ್ಲಿ ನೆಲೆಯೂರಲಿಲ್ಲವೆಂಬುದನ್ನು ಗಮನಿಸಬೇಕು. ಅದಕ್ಕೆ ಮುಖ್ಯ ಕಾರಣ ಆ ಕುರ್ಚಿ ಕನ್ನಡದಲ್ಲಿ ಖಾಲಿಯಿರಲಿಲ್ಲ ಎಂಬುದೇ ಎಂದು ನನಗೆ ತೋರುತ್ತದೆ.

ಈಗ ಕಾದಂಬರಿಗೆ ಬರೋಣ. ಇದು ನನಗೆ ಬಹಳ ಪ್ರಿಯವಾದ ಪದವಾದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಸಂಸ್ಕೃತದಲ್ಲಿ ಕಾದಂಬರಿಯೆಂದರೆ ಮೊದಲಿಗೆ ಒಂದು ಬಗೆಯ ಮದ್ಯ. ಅಮರಕೋಶದಲ್ಲಿ ಸುರೆ, ಹಾಲಾ, ಇರಾ ಮುಂತಾದ ಹೆಸರುಗಳ ಸಾಲಿನಲ್ಲಿಯೇ ಅದು ಬರುತ್ತದೆ. ಕದಂಬದ ಮರಕ್ಕೂ ಮದ್ಯಕ್ಕೂ ಪುರಾಣದ ನಂಟಿದೆ: ಬಲರಾಮನು ವೃಂದಾವನದಲ್ಲಿ ಅಲೆಯುತ್ತಿರುವಾಗ ಮದ್ಯದ ದೇವತೆಯಾದ ವಾರುಣಿಯು ಕದಂಬದ ಪೊಟರೆಯಲ್ಲಿ ಮದ್ಯವಾಗಿ ನೆಲೆಸಿದ್ದಳೆಂದು ವಿಷ್ಣುಪುರಾಣ ಹೇಳುತ್ತದೆ. ಬನವಾಸಿಯ ಕದಂಬರ ವಂಶಕ್ಕೆ ಹೆಸರು ಕೊಟ್ಟದ್ದೂ ತಮ್ಮ ಮನೆಯ ಬಳಿ ಬೆಳೆದಿದ್ದ ಇದೇ ಮರವೆಂದು ತಾಳಗುಂದದ ಶಾಸನ ಹೇಳುತ್ತದೆ. ಒಂದೇ ಮರದಿಂದ ಕನ್ನಡಕ್ಕೆ ಒಂದು ರಾಜವಂಶವೂ ಒಂದು ಸಾಹಿತ್ಯಪ್ರಕಾರವೂ ಹೆಸರು ಪಡೆದವೆಂದು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

606ರಿಂದ 647ರವರೆಗೆ ಆಳಿದ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟನು ಈ ಪದವನ್ನು ತನ್ನ ನಾಯಿಕೆಯ ಹೆಸರಾಗಿ ಮಾಡಿದನು. ಅವಳು ಹೇಮಕೂಟದ ಗಂಧರ್ವರಾಜ ಚಿತ್ರರಥನ ಮಗಳು. ಅವಳ ತಾಯಿಯ ಹೆಸರು ಮದಿರಾ. ತಾಯಿ ಮದಿರೆ, ಮಗಳು ಕಾದಂಬರಿ: ಎರಡೂ ಹೆಂಡದ ಹೆಸರುಗಳೇ ಎಂಬುದು ಆ ಕಾಲದ ಓದುಗರಿಗೆ ತಟ್ಟನೆ ಹೊಳೆಯುತ್ತಿದ್ದಿರಬೇಕು. ಕೃತಿಯನ್ನು ಮುಗಿಸುವ ಮುನ್ನವೇ ಬಾಣನು ತೀರಿಕೊಂಡನು. ಉತ್ತರಭಾಗವನ್ನು ಬರೆದು ಪೂರ್ಣಗೊಳಿಸಿದ ಅವನ ಮಗ ಅದರ ಆರಂಭದಲ್ಲಿ ಹೀಗೆನ್ನುತ್ತಾನೆ: ‘ಕಾದಂಬರೀರಸಭರೇಣ ಸಮಸ್ತ ಏವ ಮತ್ತೋ ನ ಕಿಂಚಿದಪಿ ಚೇತಯತೇ ಜನೋಽಯಮ್’. ಕಾದಂಬರಿಯ ರಸಭಾರದಿಂದ ಈ ಜನರೆಲ್ಲ ಮತ್ತರಾಗಿ ಏನೊಂದನ್ನೂ ಅರಿಯದಂತಾಗಿದ್ದಾರೆ ಎಂದು ಅದರ ಅರ್ಥ. ರಸವೆಂದರೆ ಮದ್ಯದ ರಸವೂ ಹೌದು, ತಂದೆಯ ಕಾವ್ಯದ ರಸವೂ ಹೌದು. ಹೀಗೆ ಮೈಮರೆತವರ ಮುಂದೆ ರಸವೂ ಬಣ್ಣವೂ ಇಲ್ಲದ ನನ್ನ ಮಾತುಗಳಿಂದ ಉಳಿದುದನ್ನು ಜೋಡಿಸಲು ಭಯವಾಗುವುದಿಲ್ಲ ಎಂದು ಅವನು ಮುಂದುವರಿಸುತ್ತಾನೆ. ತಂದೆಯನ್ನು ಕಳೆದುಕೊಂಡ ಮಗನೊಬ್ಬನ ವಿನಯವನ್ನೂ ಪದದ ಹಳೆಯ ಅರ್ಥವನ್ನೂ ಒಂದೇ ಶ್ಲೋಕ ಹಿಡಿದಿಟ್ಟಿದೆ. ಅವನ ಸಾಲಿನಲ್ಲಿ ‘ಕಾದಂಬರಿ’ ಮೂರು ಅರ್ಥಗಳಲ್ಲಿ ನಿಂತಿದೆ: ಪಾನೀಯ, ನಾಯಿಕೆ, ಗ್ರಂಥ. ನಾಲ್ಕನೆಯದು, ಅಂದರೆ ನಮ್ಮದು, ಬರಲು ಇನ್ನೂ ಸಾವಿರದ ಇನ್ನೂರು ವರ್ಷಗಳಷ್ಟು ಕಾಲ ಬೇಕಾಗಿತ್ತು.

ಆ ಕೃತಿಯನ್ನು ಸಂಸ್ಕೃತದ ಆಲಂಕಾರಿಕರು, ಅಂದರೆ ಕಾವ್ಯಶಾಸ್ತ್ರಕಾರರು, ‘ಕಥೆ’ ಎಂಬ ವರ್ಗಕ್ಕೆ ಸೇರಿಸಿದರು, ಅದೇ ಕವಿಯ ‘ಹರ್ಷಚರಿತ’ವನ್ನು ‘ಆಖ್ಯಾಯಿಕೆ’ ಎಂಬ ವರ್ಗಕ್ಕೆ. ಕಲ್ಪಿತವಾದದ್ದು ಕಥೆ, ನಡೆದುದನ್ನು ಆಧರಿಸಿದ್ದು ಆಖ್ಯಾಯಿಕೆ ಎಂಬುದು ಸ್ಥೂಲವಾದ ಭೇದ. ಕನ್ನಡಕ್ಕೆ ಈ ಕೃತಿ ಬಹಳ ಬೇಗನೆ ಬಂತು: ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಒಂದನೆಯ ನಾಗವರ್ಮನು ‘ಕರ್ಣಾಟಕ ಕಾದಂಬರಿ’ಯನ್ನು ಚಂಪುವಿನಲ್ಲಿ ಬರೆದನು. ಅಲ್ಲಿಂದ ಮುಂದೆ ಅನೇಕ ಶತಮಾನಗಳ ಕಾಲ ‘ಕಾದಂಬರಿ’ ಎಂದರೆ ಕನ್ನಡ ವಿದ್ವಾಂಸರಿಗೆ ನೆನಪಾಗುತ್ತಿದ್ದುದು ವೃತ್ತ ಕಂದಗಳಿಂದ ತುಂಬಿದ ಕಾವ್ಯ. ಇಂದು ಅದೇ ಪದ ಪದ್ಯವಲ್ಲದ್ದಕ್ಕೆ ಹೆಸರಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಕರ್ನಾಟಕದ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕೃತಿಯನ್ನು ಕನ್ನಡ ಗದ್ಯಕ್ಕೆ ತಂದಾಗ ಹೆಸರು ಮತ್ತು ಗದ್ಯ ನಮ್ಮಲ್ಲಿ ಒಟ್ಟಿಗೆ ಬಂದವು. ಇದು ಮುಂದಿನ ಬದಲಾವಣೆಗೆ ನೆಲ ಹದಮಾಡಿತೆಂದು ನಾನು ಭಾವಿಸುತ್ತೇನೆ.

ಒಬ್ಬ ನಾಯಿಕೆಯ ಹೆಸರು ಒಂದು ಸಾಹಿತ್ಯಪ್ರಕಾರದ ಹೆಸರಾದದ್ದು ಮರಾಠಿಯಲ್ಲಿ, ಕನ್ನಡಕ್ಕೆ ಅದು ಅಲ್ಲಿಂದ ಬಂತು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಇದಕ್ಕೆ ಪೋಷಕವಾದ ಸಂದರ್ಭವನ್ನು ನೋಡಿ. ಮರಾಠಿಯ ಮೊದಲ ದಿನಗಳ ಗದ್ಯಕಥೆಗಳು ಯಾವುವು? 1857ರ ‘ಯಮುನಾಪರ್ಯಟನ’, 1861ರ ‘ಮುಕ್ತಾಮಾಲಾ’, 1868ರ ‘ಮಂಜುಘೋಷಾ’. ಎಲ್ಲವೂ ನಾಯಿಕೆಯ ಹೆಸರನ್ನು ಹೊತ್ತವು. ಕೊನೆಯ ಎರಡರಲ್ಲಂತೂ ಅರಮನೆ, ವಿರಹ, ವಿಸ್ಮಯಗಳ ಬಾಣನ ಲೋಕವೇ ಬೇರೆ ಉಡುಪಿನಲ್ಲಿದೆ. ಇಂಥ ಪುಸ್ತಕಗಳನ್ನು ಒಟ್ಟಾಗಿ ಏನೆಂದು ಕರೆಯಬೇಕೆಂಬ ಪ್ರಶ್ನೆ ಎದ್ದಾಗ, ಸಂಸ್ಕೃತ ಓದಿದ್ದ ಪುಣೆ ಮುಂಬಯಿಗಳ ಲೇಖಕರ ಮುಂದೆ ದೀರ್ಘವಾದ, ಕಲ್ಪಿತವಾದ, ನಾಯಿಕೆಯ ಹೆಸರಿನ ಗದ್ಯಕಥೆಗೆ ಎಲ್ಲರಿಗೂ ಪರಿಚಿತವಾದ ಮಾದರಿಯೊಂದು ಸಿದ್ಧವಾಗಿತ್ತು. ಬೇರೆ ಭಾಷೆಗಳಲ್ಲಿಯೂ ಆರಂಭದ ನಾವೆಲ್ಲುಗಳಿಗೆ ಇದೇ ಒಲವಿತ್ತು: ಮಲಯಾಳದ ‘ಇಂದುಲೇಖಾ’ 1889ರದ್ದು, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದ್ದು.

ಮೇಲೆ ನಾನು ಹೇಳಿದ ಖಾಲಿ ಕುರ್ಚಿಯ ವಾದ ಮರಾಠಿಗೆ ಪೂರ್ತಿಯಾಗಿ ಹೊಂದುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಹಿಂದಿಯಲ್ಲಿರುವಂತೆ ಮರಾಠಿಯಲ್ಲಿಯೂ ಭಾಷಣಕ್ಕೆ ‘ವ್ಯಾಖ್ಯಾನ’ವೇ ರೂಢಿ. ಆದ್ದರಿಂದ ಉಪನ್ಯಾಸವನ್ನು ನಾವೆಲ್ಲಿಗೆ ತೆಗೆದುಕೊಳ್ಳಲು ಅಲ್ಲಿ ಅಡ್ಡಿಯೇನೂ ಇರಲಿಲ್ಲ. ಆದರೂ ಅವರು ಬೇರೆಯದನ್ನು ಆರಿಸಿಕೊಂಡರು. ಖಾಲಿ ಜಾಗವು ಒಂದು ಪದಕ್ಕೆ ಅವಕಾಶ ಕೊಡುತ್ತದೆ, ಆಹ್ವಾನ ಕೊಡುವುದು ಮಾತ್ರ ಆ ಕಾಲದ ಓದು ಮತ್ತು ಅಭಿರುಚಿ. ಕನ್ನಡದಲ್ಲಿ ಈ ಎರಡೂ ಒಂದೇ ಕಡೆಗೆ ಎಳೆದವು. ಧಾರವಾಡ, ಬೆಳಗಾವಿ, ವಿಜಯಪುರಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಅಲ್ಲಿಯ ಕನ್ನಡ ಲೇಖಕರಿಗೆ ಮರಾಠಿ ಪುಸ್ತಕಗಳು ದಿನದ ಓದಾಗಿದ್ದವು. ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕೃತಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು ಈ ಕೊಡುಕೊಳ್ಳುವಿಕೆಯ ದೊಡ್ಡ ಸೇತುವೆ. ಹೀಗೆ ಮೈಸೂರು ಸೀಮೆಗೆ ನಾವೆಲ್ಲು ಬಹುಪಾಲು ಬಂಗಾಳದಿಂದ ಬಂದರೂ ಅದರ ಹೆಸರು ಉತ್ತರ ಕರ್ನಾಟಕದ ಹಾದಿಯಾಗಿ ಬಂದು ಇಡೀ ನಾಡಿಗೆ ಒಂದೇ ಆಯಿತು.

ಅಂಕಿತನಾಮವೊಂದು ಹೀಗೆ ರೂಢನಾಮವಾಗುವುದು ನಮ್ಮ ಆಡುಮಾತಿಗೆ ಹೊಸದಲ್ಲ. ‘ಅವನದೊಂದು ದೊಡ್ಡ ರಾಮಾಯಣ’, ‘ನಿನ್ನ ರಾಮಾಯಣ ಸಾಕು ಮಾಡು’ ಎಂದು ನಾವು ದಿನವೂ ಹೇಳುತ್ತೇವೆ. ಆದರೆ ಆ ಮಾತುಗಳಲ್ಲಿ ಹಳೆಯ ಅರ್ಥ ಹಿಂದೆ ನಿಂತು ಇಣುಕುತ್ತಲೇ ಇರುತ್ತದೆ. ಕಾದಂಬರಿಯ ವಿಷಯದಲ್ಲಿ ಹಾಗಾಗಲಿಲ್ಲ. ಹೊಸ ಅರ್ಥ ಹಳೆಯದನ್ನು ಸಂಪೂರ್ಣವಾಗಿ ಮುಚ್ಚಿತು. ಕಾದಂಬರಿಕಾರ, ಕಾದಂಬರಿಕಾರ್ತಿ, ಕಿರುಕಾದಂಬರಿ, ಪತ್ತೇದಾರಿ ಕಾದಂಬರಿ ಎಂದು ಕೊಂಬೆ ಕವಲೊಡೆದುದೇ ಈ ಪದ ಕನ್ನಡದ ಮಣ್ಣಿನಲ್ಲಿ ಬೇರು ಬಿಟ್ಟಿದೆ ಎಂಬುದಕ್ಕೆ ಸಾಕ್ಷಿ. ಎರವಲು ಪದವೊಂದು ತನ್ನದೇ ಮಕ್ಕಳನ್ನು ಹೆರತೊಡಗಿದ ಮೇಲೆ ಅದನ್ನು ಎರವಲೆಂದು ಕರೆಯುವುದು ವಂಶಾವಳಿ ಬರೆಯುವವರಿಗೆ ಮಾತ್ರ ಅಗತ್ಯ.

ಉಳಿದ ಭಾಷೆಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, ತೆಲುಗು ‘ನವಲ’ ಎಂದಿತು, ಗುಜರಾತಿ ‘ನವಲಕಥಾ’ ಎಂದಿತು. ಎರಡರಲ್ಲಿಯೂ ಇಂಗ್ಲಿಷಿನ ನಾವೆಲ್‌ನ ಧ್ವನಿ ಕೇಳಿಸುತ್ತದೆ, ಅದರೊಳಗೆ ಸಂಸ್ಕೃತದ ‘ನವ’ವೂ ಕಾಣುತ್ತದೆ. ವಿಶೇಷವೆಂದರೆ ಇಂಗ್ಲಿಷಿನ ಪದವೂ ಹೊಸದೆಂಬ ಅರ್ಥದಿಂದಲೇ ಬಂದದ್ದು. ಇಟಲಿಯಲ್ಲಿ ನೊವೆಲ್ಲಾ ಎಂದರೆ ಚಿಕ್ಕ ಹೊಸ ಸುದ್ದಿ, ಚಿಕ್ಕ ಕಥೆ. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಆ ಮೂಲದ ಪದಗಳು ಇಂದಿಗೂ ಕಿರಿದಾದ ಕಥೆಗೇ ಸಲ್ಲುತ್ತವೆ, ದೊಡ್ಡದನ್ನು ಅವರು ‘ರೊಮಾನ್’ ಎಂದು ಕರೆಯುತ್ತಾರೆ. ಇಂಗ್ಲಿಷಿನವರಾದರೋ ಚಿಕ್ಕದರ ಹೆಸರನ್ನು ದೊಡ್ಡದಕ್ಕೆ ಕೊಟ್ಟರು. ಆದ್ದರಿಂದ ಪದ ಎರವಲು ತಂದು ಅರ್ಥ ಬದಲಿಸಿದ್ದು ನಮ್ಮ ದೇಶದವರ ಅಜ್ಞಾನವೆಂದು ಯಾರಾದರೂ ಹೇಳಿದರೆ ನೀವು ಒಪ್ಪಬೇಕಾಗಿಲ್ಲ.

ನಿಮಗೆ ಹಿಂದಿ ಪುಸ್ತಕಗಳ ಓದಿನಲ್ಲಿ ಆಸಕ್ತಿಯಿದೆಯಾದ್ದರಿಂದ ಇನ್ನೊಂದು ಎಚ್ಚರಿಕೆ. ಉಪನ್ಯಾಸದ ತೊಡಕು ಒಂದು ಪುಟ ತೆರೆದೊಡನೆ ಬಗೆಹರಿಯುತ್ತದೆ. ನಿಜವಾದ ಅಪಾಯವಿರುವುದು ವಿಮರ್ಶೆಯ ಪರಿಭಾಷೆಯಲ್ಲಿ. ಕನ್ನಡದ ‘ವಿಮರ್ಶೆ’ಗೆ ಹಿಂದಿಯಲ್ಲಿ ‘ಆಲೋಚನಾ’ ಎನ್ನುತ್ತಾರೆ, ಮರಾಠಿಯಲ್ಲಿ ‘ಸಮೀಕ್ಷಾ’, ಬಂಗಾಳಿಯಲ್ಲಿ ‘ಸಮಾಲೋಚನಾ’. ಕನ್ನಡದಲ್ಲಿ ಆಲೋಚನೆಯೆಂದರೆ ಯೋಚನೆ, ಸಮೀಕ್ಷೆಯೆಂದರೆ ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕುವುದು, ಸಮಾಲೋಚನೆಯೆಂದರೆ ಕೂಡಿ ಚರ್ಚಿಸುವುದು. ಇನ್ನು ‘ವಿಮರ್ಶ’ ಹಿಂದಿಯಲ್ಲಿಯೂ ಇದೆ, ಆದರೆ ಅಲ್ಲಿ ಸ್ತ್ರೀ ವಿಮರ್ಶ, ದಲಿತ ವಿಮರ್ಶ ಎಂದಾಗ ಅದು ನಮ್ಮ ‘ಸಂಕಥನ’ಕ್ಕೆ, ಅಂದರೆ ಒಂದು ವಿಷಯದ ಸುತ್ತ ಸಮಾಜದಲ್ಲಿ ಬೆಳೆದ ಚಿಂತನೆಯ ಒಟ್ಟು ಧಾರೆಗೆ ಸಮ. ಒಮ್ಮೆ ಹಿಂದಿಯಿಂದ ಬಂದ ಲೇಖನದ ಅನುವಾದವೊಂದರ ಕರಡನ್ನು ನಾನು ತಿದ್ದಬೇಕಾಯಿತು. ಅದರಲ್ಲಿ ‘ದಲಿತ ವಿಮರ್ಶೆ ಕಳೆದ ಮೂವತ್ತು ವರ್ಷಗಳಲ್ಲಿ ಬಲಗೊಂಡಿದೆ’ ಎಂಬ ವಾಕ್ಯವಿತ್ತು. ಕನ್ನಡದ ಓದುಗರು ಅದನ್ನು ದಲಿತ ವಿಮರ್ಶಕರು ಹೆಚ್ಚಿದ್ದಾರೆಂದೋ, ಇನ್ನೂ ಕೆಟ್ಟದಾಗಿ, ದಲಿತರ ಮೇಲಿನ ಟೀಕೆ ಹೆಚ್ಚಿದೆಯೆಂದೋ ಓದಿಕೊಳ್ಳುತ್ತಿದ್ದರು. ವಾಕ್ಯದಲ್ಲಿ ವ್ಯಾಕರಣದ ತಪ್ಪೊಂದೂ ಇರಲಿಲ್ಲ, ಪರಕೀಯವೆನ್ನಿಸುವ ಪದವೂ ಇರಲಿಲ್ಲ. ಅಪರಿಚಿತ ಪದ ಬಂದರೆ ನಾವು ನಿಘಂಟನ್ನು ತೆರೆಯುತ್ತೇವೆ, ಪರಿಚಿತ ಮುಖದ ಪದ ಬಂದಾಗ ತೆರೆಯುವುದಿಲ್ಲ. ಸಂಸ್ಕೃತದಿಂದ ಪಡೆದ ಪದಗಳು ನಮ್ಮ ಭಾಷೆಗಳ ನಡುವೆ ಓಡಾಡುವಾಗ ನಾನು ದುಪ್ಪಟ್ಟು ಜಾಗರೂಕನಾಗಿರುವುದು ಇದರಿಂದಲೇ.

ಪ್ರಬಂಧದ ಕಥೆಯೂ ಇಂಥದ್ದೇ. ತಮಿಳರ ದಿವ್ಯಪ್ರಬಂಧ ಆಳ್ವಾರರ ನಾಲ್ಕು ಸಾವಿರ ಪಾಶುರಗಳು. ತೆಲುಗರ ಪ್ರಬಂಧ ಕೃಷ್ಣದೇವರಾಯನ ಕಾಲದ ಪೆದ್ದನ ಮೊದಲಾದವರ ವರ್ಣನಾಪ್ರಧಾನ ಕಾವ್ಯ. ನಮ್ಮ ಪ್ರಬಂಧ ಶಾಲೆಯ ಹುಡುಗರು ಗಾಂಧಿ ಜಯಂತಿಗೆ ಬರೆಯುವ ಎರಡು ಪುಟದ ಗದ್ಯ. ಅದೇ ಧಾತುವಿನಿಂದ ಬಂದ ‘ಪ್ರಬಂಧನ್’ ಹಿಂದಿಯಲ್ಲಿ ಕಂಪನಿಯ ಆಡಳಿತ ನಿರ್ವಹಣೆ. ಕಟ್ಟುವುದೆಂಬ ಮೂಲಾರ್ಥ ಎಲ್ಲದರಲ್ಲಿಯೂ ಇದೆ, ಕಟ್ಟಿದ ವಸ್ತು ಮಾತ್ರ ಬೇರೆ.

ಕೊನೆಯದಾಗಿ ನಿಮ್ಮ ತಾಯಿಯವರ ಪ್ರಶ್ನೆ. ಬಂಗಾಳದಲ್ಲಿ ನಾವೆಲ್ಲಿನ ಜಾಗವನ್ನು ಉಪನ್ಯಾಸ ಹಿಡಿದದ್ದರಿಂದ ಕಾದಂಬರಿಯನ್ನು ಅಲ್ಲಿ ಯಾರೂ ಅದರ ಮನೆಯಿಂದ ಎಬ್ಬಿಸಲಿಲ್ಲ. ಅದು ಹುಡುಗಿಯ ಹೆಸರಾಗಿಯೇ ಉಳಿಯಿತು. ರವೀಂದ್ರನಾಥ ಠಾಕೂರರ ಅಣ್ಣ ಜ್ಯೋತಿರಿಂದ್ರನಾಥರ ಪತ್ನಿ, ಬಾಲಕ ರವೀಂದ್ರರ ಕವಿತೆಗಳ ಮೊದಲ ಓದುಗರಲ್ಲಿ ಒಬ್ಬರಾಗಿದ್ದವರು ಕಾದಂಬರೀದೇವಿ. ಪಕ್ಕದ ಮನೆಯ ಮಗುವಿಗೆ ತಂದೆತಾಯಿ ಇಟ್ಟಿರುವುದು ಪುಸ್ತಕದ ಹೆಸರನ್ನಲ್ಲ, ಹೇಮಕೂಟದ ಆ ಗಂಧರ್ವಕನ್ಯೆಯ ಹೆಸರನ್ನು ಎಂದು ತಾಯಿಯವರಿಗೆ ತಿಳಿಸಿ. ಅವರಿಗೆ ಕಥೆ ಕೇಳುವ ಪ್ರೀತಿಯಿದ್ದರೆ ಚಂದ್ರಾಪೀಡ, ಮಹಾಶ್ವೇತೆ, ಶೂದ್ರಕನ ಸಭೆಗೆ ಬಂದು ಎಲ್ಲವನ್ನೂ ಹೇಳುವ ಆ ಗಿಳಿಯ ಕಥೆಯನ್ನು ನಾಗವರ್ಮನ ಕೃತಿಯ ಯಾವುದಾದರೂ ಹೊಸಗನ್ನಡ ಗದ್ಯಾನುವಾದದಿಂದ ಓದಿ ಹೇಳಬಹುದು.